ಅಮಾವಾಸ್ಯೆಗೊಮ್ಮೆ ಎರಡು ನಿಮಿಷ

ಹಳೆಯ ಕಾರುಗಳ ಬಗ್ಗೆ ಜನ ಕಣ್ಣರಳಿಸಿ ಮಾತಾಡುವಾಗ ನಾನು ಸುಮ್ಮನೆ ಕೇಳುತ್ತೇನೆ. ಅವರು ಅದರಲ್ಲಿ ಕೂತವರು, ನಾನು ಅದರ ಕೆಳಗೆ ಮಲಗಿದವನು. ಕೂತವರಿಗೆ ಸೋಫಾದಂಥ ಸೀಟು ನೆನಪಿರುತ್ತದೆ. ಮಲಗಿದವನಿಗೆ ನೆನಪಿರುವುದು ಕಣ್ಣಿಗೆ ಉದುರಿದ ತುಕ್ಕು, ಬಿಚ್ಚಲು ಒಪ್ಪದ ಬೋಲ್ಟು, ಆಮೇಲೆ ವಾರಗಟ್ಟಲೆ ಹಿಡಿದುಕೊಳ್ಳುವ ಸೊಂಟ. ಚಿಕ್ಕೋಡಿಯಲ್ಲಿ ಅಂಕಲಿ ರಸ್ತೆಯ ಬದಿಗೆ ನನ್ನ ಗ್ಯಾರೇಜು. ಎರಡು ಸಾವಿರದ ಹತ್ತರ ಆಚೀಚೆಯ ಮಾತಿದು. ಆಗಲೇ ನನ್ನ ಸೊಂಟ ನನಗಿಂತ ಮೊದಲು ನಿವೃತ್ತಿ ಕೇಳುತ್ತಿತ್ತು. ಅಂಥ ಹೊತ್ತಿನಲ್ಲಿ ಆ ಅಂಬಾಸಿಡರ್ ಬಂತು.

ಕಬ್ಬಿನ ಹಂಗಾಮು ನಡೆದಿತ್ತು. ಟ್ರ್ಯಾಕ್ಟರೊಂದು ಹಗ್ಗ ಕಟ್ಟಿ ಕಾರನ್ನು ಎಳೆದುಕೊಂಡು ಬಂದಿತ್ತು. ದಾರಿಯುದ್ದಕ್ಕೂ ಕಬ್ಬಿನ ಟ್ರೇಲರುಗಳ ಹಿಂದೆ ಬಂದಿದ್ದರಿಂದ ಬಾನೆಟ್ಟಿನ ಮೇಲೆಲ್ಲ ಕಬ್ಬಿನ ಒಣ ಎಲೆಯ ರವದಿ ಬಿದ್ದಿತ್ತು. ಅದನ್ನು ಒರೆಸಿದರೆ ಕೆಳಗೆ ಕೆನೆ ಬಣ್ಣ ಫಳಫಳ ಹೊಳೆಯಿತು. ಅರವತ್ತರ ದಶಕದ ಪೆಟ್ರೋಲ್ ಕಾರು, ಗೇರಿನ ಕೋಲು ಸ್ಟೇರಿಂಗ್ ಕೆಳಗೇ ಇರುವ ಮಾದರಿ. ಒಳಗೆ ಸ್ಟೇರಿಂಗ್ ನಡುವೆ ಕುಂಕುಮ ಪದರು ಪದರಾಗಿ ಗಟ್ಟಿಯಾಗಿತ್ತು.

ಮಾಲೀಕರು ಅಂಕಲಿಯ ಹತ್ತಿರ ಕಬ್ಬಿನ ಹೊಲ ಇರುವವರು, ಅರವತ್ತಕ್ಕೆ ಸಮೀಪಿಸಿದವರು. ಸುತ್ತಲಿನವರೆಲ್ಲ ಅವರನ್ನು ಅಣ್ಣಾರು ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ.

"ಮಿಸ್ತ್ರಿ, ಮೊನ್ನಿ ಮೊನ್ನಿ ತನಕಾ ಚಾಲೂ ಆಗತಿತ್ರಿ. ಈಗ ಒಲ್ಲೆ ಅಂತೈತಿ," ಅಂದರು. "ನಮ್ಮಕ್ಕ ರಿಟೈರ್ ಆಗಿ ಅಥಣಿಯಿಂದ ಊರಿಗಿ ಬರಾಕತ್ತಾಳ. ಅಕೀ ಬರೂದ್ರಾಗ ಇದು ಎದ್ದ ನಿಂದ್ರಬೇಕು ನೋಡ್ರಿ."

"ಓಡಸವ್ರು ಯಾರ್ರಿ, ನೀವಾ?"

"ನನಗೆಲ್ಲಿ ಬರತೈತಿ? ಅಕೀನ ಓಡಸಾಕಿ. ಇದು ಅಕೀ ಗಾಡಿ."

ಅವರ ತಂದೆ ಕಾರು ಕೊಂಡಾಗ ಮಕ್ಕಳಿಬ್ಬರಿಗೂ ಓಡಿಸಲು ಕಲಿಸಹೊರಟಿದ್ದರಂತೆ. ಮಗ ಮೊದಲ ದಿನವೇ ಅದನ್ನು ದನದ ಕೊಟ್ಟಿಗೆಗೆ ನುಗ್ಗಿಸಿದ. ಎಮ್ಮೆಯೊಂದರ ಕಾಲು ಮುರಿಯಿತು. ಅವತ್ತಿನಿಂದ ಅಣ್ಣಾರು ಯಾವ ಗಾಡಿಯ ಸ್ಟೇರಿಂಗನ್ನೂ ಹಿಡಿದವರಲ್ಲ. ಮಗಳು ಮಾತ್ರ ವಾರದೊಳಗೆ ಕಲಿತು, ತಂದೆಯನ್ನು ಪಕ್ಕಕ್ಕೆ ಕೂರಿಸಿಕೊಂಡು ಚಿಕ್ಕೋಡಿ ಸಂತೆಗೆ ಬರುತ್ತಿದ್ದಳಂತೆ. ಸಂತೆಯ ಜನ ಬಾಯಿ ತೆರೆದು ನೋಡುತ್ತಿದ್ದರು ಅನ್ನುವಾಗ ಅಣ್ಣಾರ ಮುಖದಲ್ಲಿ ಆಗಿನ ತಮ್ಮನ ಹೆಮ್ಮೆ ಹಾಗೇ ಇತ್ತು. ಆಮೇಲೆ ಅಕ್ಕ ಮದುವೆಯಾಗಿ ಅಥಣಿಗೆ ಹೋದರು. ಅಲ್ಲೇ ಶಾಲೆಯ ನೌಕರಿ, ಅಲ್ಲೇ ಸಂಸಾರ. ಕಾರು ತವರಿನಲ್ಲಿ ಉಳಿಯಿತು. ಈಗ ಗಂಡ ತೀರಿಹೋಗಿದ್ದರು, ನೌಕರಿಯೂ ಮುಗಿಯುತ್ತಿತ್ತು. ತಮ್ಮನ ಹೊಲದಲ್ಲೇ ಸಣ್ಣ ಮನೆ ಕಟ್ಟಿಸಿಕೊಂಡು ಇರುವ ವಿಚಾರ.

ನಾನು ಎಂಜಿನ್ನಿನ ನೆತ್ತಿಯ ಮುಚ್ಚಳ ಬಿಚ್ಚಿದೆ. ಒಳಗೆ ಕರಿ ಆಯಿಲ್ ಇರಬೇಕಾದ ಕಡೆ ಬೆಣ್ಣೆಯಂಥ ಬಿಳಿ ಜಿಡ್ಡು ಮೆತ್ತಿಕೊಂಡಿತ್ತು. ಆಯಿಲ್ಲಿಗೆ ನೀರು ಸೇರಿದರೆ ಹೀಗಾಗುತ್ತದೆ. ನೀರು ಬರಬೇಕೆಂದರೆ ಹೆಡ್ಡಿನ ಗ್ಯಾಸ್ಕೆಟ್ ಸುಟ್ಟಿರಬೇಕು, ಇಲ್ಲವೆ ಎಂಜಿನ್ನಿನ ಎರಕದ ಮೈ, ಅಂದರೆ ಬ್ಲಾಕ್, ಬಿರುಕು ಬಿಟ್ಟಿರಬೇಕು. ಹಳೆ ಬ್ಲಾಕ್, ಬಿರುಕೇ ಇರಬೇಕೆಂದು ನಾನು ಅಲ್ಲೇ ನಿಂತು ತೀರ್ಪು ಕೊಟ್ಟೆ.

"ಅಣ್ಣಾರ, ಇದರದ ಮುಗೀತ್ರಿ. ಡೀಸೆಲ್ ಎಂಜಿನ್ ಕುಂಡ್ರಸೋಣು. ಒಮ್ಮಿ ಕುಂಡ್ರಸಿದ್ರ ತಿರಗಿ ನೋಡೂದ ಬ್ಯಾಡ."

ನಮ್ಮ ಕಡೆ ಇದು ಹೊಸ ಮಾತಲ್ಲ. ಎಷ್ಟೋ ಟ್ಯಾಕ್ಸಿಗಳಿಗೆ ನಾನೇ ಡೀಸೆಲ್ ಕೂರಿಸಿದ್ದೆ. ಕಣ್ಣು ಮುಚ್ಚಿ ಮಾಡುವ ಕೆಲಸ. ನಿಜ ಹೇಳಬೇಕೆಂದರೆ, ನನಗೆ ಬೇಕಾಗಿದ್ದೂ ಕಣ್ಣು ಮುಚ್ಚಿ ಮಾಡುವಂಥ ಕೆಲಸವೇ. ಅಣ್ಣಾರು ಸ್ವಲ್ಪ ಹೊತ್ತು ಬಾನೆಟ್ ಸವರುತ್ತ ನಿಂತರು. "ಯಾವದರ ಇರ್ಲಿ, ಅಕ್ಕ ಬಂದಾಗ ಚಾಲೂ ಆಗ್ಲಿ," ಅಂದು ಹೋದರು. ನಾನು ಕೊಗನೊಳ್ಳಿಯ ಗುಜರಿಯವನಿಗೆ ಹೇಳಿ ಒಂದು ಒಳ್ಳೆಯ ಡೀಸೆಲ್ ಎಂಜಿನ್ ತರಿಸಿದೆ. ಅದು ಅಂಗಳದಲ್ಲಿ ಹಳೆ ಟೈರಿನ ಮೇಲೆ ಕೂತಿತು.

ನನಗೆ ಕೆಲಸ ಕಲಿಸಿದ ಕೊಲ್ಲಾಪುರದ ಉಸ್ತಾದ್ ಒಂದು ಪದ್ಧತಿ ಹಾಕಿಕೊಟ್ಟಿದ್ದರು. ಕೆಟ್ಟಿದ್ದನ್ನು ಮಾಲೀಕನ ಕೈಗೆ ಕೊಟ್ಟು ತೋರಿಸದೆ ಹೊಸದನ್ನು ಕೂರಿಸಬಾರದು. ಆ ಪದ್ಧತಿ ನನ್ನನ್ನು ಎಷ್ಟು ಸಲ ಪೇಚಿಗೆ ಸಿಲುಕಿಸಿದೆಯೋ ಲೆಕ್ಕವಿಲ್ಲ. ಈ ಸಲವೂ ಹಾಗೇ ಆಯಿತು. ಬಿರುಕು ತೋರಿಸೋಣವೆಂದು ಹಳೆ ಎಂಜಿನ್ ಇಳಿಸಿ ಬಿಚ್ಚಿದರೆ ಗ್ಯಾಸ್ಕೆಟ್ ಸರಿಯಾಗಿತ್ತು. ಬ್ಲಾಕಿನ ನೀರಿನ ದಾರಿಗಳಿಗೆಲ್ಲ ರಬ್ಬರು ಮತ್ತು ಕಬ್ಬಿಣದ ಪಟ್ಟಿ ಬಿಗಿದು, ಒಂದು ತೂತಿನಿಂದ ಗಾಳಿ ತುಂಬಿ, ಚೈನ್ ಪುಲ್ಲಿಯಿಂದ ನೀರಿನ ತೊಟ್ಟಿಗೆ ಇಳಿಸಿದೆ. ಸೈಕಲ್ ಟ್ಯೂಬಿನ ಪಂಕ್ಚರ್ ನೋಡಿದ ಹಾಗೆ ಗಲ್ಲಕ್ಕೆ ಕೈಯಿಟ್ಟುಕೊಂಡು ನೋಡುತ್ತ ಕೂತೆ. ಒಂದು ಗುಳ್ಳೆಯೂ ಏಳಲಿಲ್ಲ.

ಬಿರುಕಿಲ್ಲ. ಹಾಗಾದರೆ ನೀರು ಎಲ್ಲಿಂದ ಬಂತು? ನಾಲ್ಕು ಸಿಲಿಂಡರುಗಳಲ್ಲಿ ಮೂರರ ಗೋಡೆಗೆ ತೆಳುವಾಗಿ ತುಕ್ಕು ಹಿಡಿದಿತ್ತು. ಇನ್ನೊಂದರ ಗೋಡೆಯನ್ನು ತುಕ್ಕು ಆಳವಾಗಿ ತಿಂದು ಗುಳಿ ಬೀಳಿಸಿತ್ತು. ತೀರ ಕಡಿಮೆ ಓಡಿದ ಎಂಜಿನ್ನು, ಬೇರಿಂಗುಗಳೂ ಅಷ್ಟೇನೂ ಸವೆದಿರಲಿಲ್ಲ. ಸವೆಯದೆ ಕೊಳೆತಿತ್ತು. ಇಂಥದ್ದನ್ನು ನಾನು ನೋಡಿರಲಿಲ್ಲ. ಎಲ್ಲ ಮುಚ್ಚಿಟ್ಟು ಡೀಸೆಲ್ ಕೂರಿಸಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಕಾರಣ ತಿಳಿಯದೆ ಊಟ ರುಚಿಸಲಿಲ್ಲ. ಈ ಚಾಳಿ ಯಾವಾಗ ಬಿಡುತ್ತದೋ ಎಂದು ನನಗೆ ನನ್ನ ಮೇಲೇ ಸಿಟ್ಟು ಬಂತು.

ಕಾರಣ ತಾನಾಗಿ ಗ್ಯಾರೇಜಿಗೆ ನಡೆದುಕೊಂಡು ಬಂತು, ಕೈಯಲ್ಲಿ ತೆಂಗಿನಕಾಯಿ ಹಿಡಿದುಕೊಂಡು.

ಒಂದು ಮುಂಜಾನೆ ಅಣ್ಣಾರು ಚೀಲದೊಂದಿಗೆ ಬಂದು ಬಾಗಿಲಲ್ಲೇ ಚಪ್ಪಲಿ ಬಿಟ್ಟರು. "ಇವತ್ತ ಅಮಾಸಿರಿ ಮಿಸ್ತ್ರಿ. ಗಾಡಿ ಪೂಜಿ ಇಲ್ಲೇ ಮಾಡ್ಲೇನು?"

ಅಮಾವಾಸ್ಯೆಗೆ ಗಾಡಿ ಪೂಜೆ ಮಾಡದ ಮನೆ ನಮ್ಮಲ್ಲಿ ಯಾವುದಿದೆ? ಮಾಡಿ ಅಂದೆ. ಚೀಲದಿಂದ ಊದುಬತ್ತಿ, ಕುಂಕುಮ, ನಿಂಬೆಹಣ್ಣು ತೆಗೆದರು. ಬಾನೆಟ್ ಎತ್ತಿದರೆ ಒಳಗೆ ಖಾಲಿ. ನಿಂಬೆಹಣ್ಣು ಕೈಯಲ್ಲಿ ಹಿಡಿದು ಎಲ್ಲಿಡಬೇಕೆಂದು ತಿಳಿಯದೆ ಅತ್ತಿತ್ತ ನೋಡಿದರು. ನಾನು ಮೇಜಿನ ಕಡೆ ಕೈ ತೋರಿಸಿದೆ. ಅಲ್ಲಿ ಬಿಚ್ಚಿಟ್ಟ ನಾಲ್ಕು ಪಿಸ್ಟನ್ನುಗಳಿಗೂ ಒಂದೊಂದಾಗಿ ಕುಂಕುಮ ಹಚ್ಚಿ, ಬ್ಲಾಕಿಗೆ ಹೂ ಏರಿಸಿ, ಕಾಯಿ ಒಡೆದು ಕೈ ಮುಗಿದರು. ಆಮೇಲೆ ಏನೋ ಮರೆತವರಂತೆ ನಿಂತೇ ಇದ್ದರು.

"ಮುಗೀತಲ್ರಿ?" ಅಂದೆ.

"ಮನ್ಯಾಗಾಗಿದ್ರ ಈಗ ಚಾಲೂ ಮಾಡತಿದ್ನಿರಿ. ಚೋಕ್ ಜಗ್ಗೂದು, ಸ್ಟಾರ್ಟರ್ ಜಗ್ಗೂದು. ಗುರ್ ಅಂತಂದ ಮ್ಯಾಲೆ ಎರಡ ನಿಮಿಷ ಕೈ ಮುಗಕೊಂಡ ನಿಂದ್ರೂದು, ಬಂದ್ ಮಾಡೂದು. ಅಪ್ಪ ಹ್ವಾದಾಗಿಂದ ಒಂದಮಾಸಿ ತಪ್ಪಿಸಿಲ್ಲ. ಅಕ್ಕ ಯಾವಾಗ ಬಂದ್ರೂ ಚಾಲೂ ಆಗಬೇಕಲ್ರಿ?"

"ಎರಡ ನಿಮಿಷ ಅಷ್ಟ? ಮುಂದ ಒಯ್ಯತಿದ್ದಿಲ್ಲೇನ್ರಿ?"

"ನಾ ಹೆಂಗ ಒಯ್ಯಲಿ?"

"ಟ್ರ್ಯಾಕ್ಟರ್ ಡ್ರೈವರಗರ ಹೇಳಬೇಕಿಲ್ರಿ."

"ಅಕೀ ಗಾಡಿ ಆಳಿನ ಕೈಯಾಗ ಕೊಡಾಕ ಬರತೈತೇನ್ರಿ?" ಅಂದರು, ನಾನೇನೋ ಬಾರದ್ದನ್ನು ಅಂದ ಹಾಗೆ.

"ಆಯಿಲ್ ಬದಲಿ ಮಾಡಸತಿದ್ರಿಲ್ಲೋ?"

"ಓಡೇ ಇಲ್ಲಲ್ರಿ ಅದು. ಆಯಿಲ್ ಯಾಕ ಕೆಡತೈತಿ?"

ನಾನು ಸ್ಟೂಲಿನ ಮೇಲೆ ಕೂತೆ. ಪೆಟ್ರೋಲ್ ಉರಿದಾಗ ಹೊಗೆಯ ಜೊತೆ ನೀರಾವಿಯೂ ಹುಟ್ಟುತ್ತದೆ. ಮುಂಜಾನೆ ಸೈಲೆನ್ಸರಿನಿಂದ ತೊಟ್ಟಿಕ್ಕುವುದು ಅದೇ. ಗಾಡಿ ನಾಲ್ಕಾರು ಮೈಲಿ ಓಡಿದರೆ ಎಂಜಿನ್ ಕಾದು ಅದೆಲ್ಲ ಆರಿಹೋಗುತ್ತದೆ. ಎರಡೇ ನಿಮಿಷಕ್ಕೆ ಬಂದ್ ಮಾಡಿದರೆ ಒಳಗೇ ತಣಿದು ನೀರಾಗಿ ಆಯಿಲ್ಲಿಗೆ ಇಳಿಯುತ್ತದೆ. ಜೊತೆಗೆ ಚೋಕ್ ಎಳೆದಾಗ ನುಗ್ಗುವ ಹೆಚ್ಚಿನ ಪೆಟ್ರೋಲು ಸಿಲಿಂಡರಿನ ಗೋಡೆಗಂಟಿದ ಆಯಿಲ್ಲನ್ನೂ ತೊಳೆದುಬಿಡುತ್ತದೆ. ಬರಿಗೋಡೆಗೆ ಒಂದು ತಿಂಗಳು ತುಕ್ಕು ಹಿಡಿಯುತ್ತದೆ. ಮುಂದಿನ ಅಮಾವಾಸ್ಯೆಗೆ ಮತ್ತೆ ಅದೇ. ವರ್ಷಗಟ್ಟಲೆ ಒಮ್ಮೆಯೂ ತಪ್ಪಿಸದೆ. ಕಾರನ್ನು ಆಯಿಲ್ ತುಂಬಿ ಮೂಲೆಗೆ ನಿಲ್ಲಿಸಿ ಮರೆತುಬಿಟ್ಟಿದ್ದರೂ ಇಷ್ಟು ಹಾಳಾಗುತ್ತಿರಲಿಲ್ಲ.

ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಣ್ಣಾರು ಬ್ಲಾಕಿನ ಮೇಲಿನ ಹೂ ಸರಿಪಡಿಸುತ್ತಿದ್ದರು. ನಾನು ಚಹಾ ತರಿಸಿದೆ.

ಅದಾದ ಕೆಲವು ದಿನಗಳಿಗೆ ಅಣ್ಣಾರ ಜೊತೆ ಅಕ್ಕನೂ ಬಂದರು. ಶಾಲೆಯ ಶಿಕ್ಷಕಿಯರನ್ನು ನಮ್ಮಲ್ಲಿ ಅಕ್ಕೋರು ಅನ್ನುತ್ತಾರೆ, ಹಾಗಾಗಿ ಅವರು ನನಗೆ ಮೊದಲಿನಿಂದಲೂ ಅಕ್ಕೋರೇ. ಎತ್ತರದ ಹೆಣ್ಣುಮಗಳು, ದಪ್ಪ ಕನ್ನಡಕ, ನಡೆಯುವಾಗ ಎಡಗಾಲನ್ನು ತುಸು ಎಳೆಯುತ್ತಿದ್ದರು. ಮೊಣಕಾಲು ಸವೆದಿದೆ, ಕಟ್ಟೆ ಹತ್ತಿ ಇಳಿದು ಪಾಠ ಮಾಡಿದ್ದಕ್ಕೆ ಸಿಕ್ಕ ಪಿಂಚಣಿ ಅಂದು ನಕ್ಕರು.

"ಮಿಸ್ತ್ರಿ, ಡೀಸೆಲ್ ಎಂಜಿನ್ ಹಾಕ್ತೀರಂತಲ್ಲ. ಓಡಸಾಕ ಹೆಂಗಿರತೈತಿ?"

ನಾನು ಹಿಂದೆ ಡೀಸೆಲ್ ಕೂರಿಸಿಕೊಟ್ಟಿದ್ದ ಒಂದು ಟ್ಯಾಕ್ಸಿ ಅಂಬಾಸಿಡರ್ ಬ್ರೇಕ್ ಕೆಲಸಕ್ಕೆ ಬಂದಿತ್ತು. ಅದರಲ್ಲಿ ಕೂತು ನೋಡಿ ಅಂದೆ. ಅವರು ಸೆರಗು ಸಿಗಿಸಿಕೊಂಡು ಕೂತು ಕ್ಲಚ್ ಒತ್ತಿದರು. ಡೀಸೆಲ್ಲಿಗೆ ಹಾಕುವ ಕ್ಲಚ್ಚಿನ ಸ್ಪ್ರಿಂಗು ಬಿಗಿ. ಪೆಡಲ್ ಅರ್ಧಕ್ಕೆ ನಿಂತಿತು. ಸೀಟಿನಲ್ಲಿ ಮುಂದೆ ಸರಿದು ಮತ್ತೆ ಒತ್ತಿದರು. ತುಟಿ ಕಚ್ಚಿದ್ದು ನನಗೆ ಕಾಣಿಸಿತು. ಎಂಜಿನ್ನಿನ ಭಾರಕ್ಕೆ ಸ್ಟೇರಿಂಗೂ ಜಡ, ಎರಡು ಕೈಯಿಂದ ಎಳೆದರೂ ಸ್ವಲ್ಪವೇ ತಿರುಗಿತು. ಅವರು ಇಳಿದು ಸೀರೆ ಸರಿಮಾಡಿಕೊಂಡರು.

"ಛಲೋ ಐತಿ," ಅಂದರು. "ರೂಢಿ ಆಕ್ಕೈತಿ."

ತಮ್ಮನ ಮುಖ ಅರಳಿತು. ಅವರಿಗೆ ಏನೂ ಗೊತ್ತಾಗಿರಲಿಲ್ಲ. ಅಕ್ಕೋರು ಮೆಲ್ಲಗೆ ನಡೆದು ಹೋಗಿ ತಮ್ಮ ಕಾರಿನಲ್ಲಿ ಕೂತರು. ಎಂಜಿನ್ ಇಲ್ಲದ ಕಾರಿನ ಸ್ಟೇರಿಂಗ್ ಹಗುರ, ಬೆರಳಲ್ಲಿ ತಿರುಗುತ್ತದೆ. ಅವರು ಅದನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಗೇರಿನ ಕೋಲನ್ನು ನೋಡದೆ ಹಿಡಿದರು. ಎದುರಿಗೆ ನನ್ನ ಗ್ಯಾರೇಜಿನ ಗೋಡೆ, ಅದರ ಮೇಲೆ ಗ್ರೀಸಿನ ಕೈಗುರುತು. ಅವರು ಚಿಕ್ಕೋಡಿ ಸಂತೆಯನ್ನೇ ನೋಡುತ್ತಿದ್ದರೋ ಏನೋ. ಡೀಸೆಲ್ ಕೂರಿಸಿದರೆ ಕಾರು ಓಡುತ್ತದೆ, ಯಾರಾದರೂ ಓಡಿಸುತ್ತಾರೆ, ಇವರು ಮಾತ್ರ ಪಕ್ಕದಲ್ಲಿ ಕೂತಿರುತ್ತಾರೆ. ಛಲೋ ಐತಿ ಎಂದೇ ಅನ್ನುತ್ತಿರುತ್ತಾರೆ.

"ಅಕ್ಕೋರ, ಡೀಸೆಲ್ ಬ್ಯಾಡ್ರಿ," ಅಂದೆ. "ಹಳೇದನ್ನ ಎಬ್ಬಸ್ತೀನಿ. ಆದ್ರ ಒಂದ ಮಾತ. ಒಂದ ಸಿಲಿಂಡರ್ ಬಾಳ ತಿಂದೈತಿ. ಅದನ್ನ ಕೊರದು ಒಳಗೊಂದು ಲೈನರ್ ಒತ್ತಬೇಕು. ಒತ್ತೂ ಮುಂದ ಬ್ಲಾಕ್ ಒಡದ್ರ ಹೋತು. ಆಮ್ಯಾಲೆ ಡೀಸೆಲ್ಲೇ ಗತಿ."

ಅಣ್ಣಾರು ಗಾಬರಿಯಾದರು. "ಹೊಸಾ ಎಂಜಿನ್ ಬಂದ ಕುಂತೈತಲ್ರಿ! ಒಡಿಯೂದಕ್ಕ ಯಾಕ ಕೈ ಹಾಕೂದು?"

ಅಕ್ಕೋರು ಸ್ಟೇರಿಂಗಿನ ಮೇಲಿನ ಕೈ ತೆಗೆಯಲಿಲ್ಲ. "ಹಾಕ್ಲಿ ಬಿಡೋ," ಅಂದರು. "ನನ್ನ ಕಾಲಿಗೆ ಆ ಕ್ಲಚ್ ಆಗೂದಿಲ್ಲ. ಅಗದೀ ಖರೇ ಹೇಳ್ತೀನಿ."

ಬ್ಲಾಕನ್ನು ಟೆಂಪೋದಲ್ಲಿ ಹಾಕಿಕೊಂಡು ನಿಪ್ಪಾಣಿಯ ಲೇಥ್ ಅಂಗಡಿಗೆ ಹೋದೆ. ಅಂಗಡಿಯವನು ಅರ್ಧ ಮರಾಠಿ ಅರ್ಧ ಕನ್ನಡದ ಮನುಷ್ಯ, ನನ್ನ ಹಳೆಯ ದೋಸ್ತ. ಮೂರು ಸಿಲಿಂಡರುಗಳ ತುಕ್ಕು ಸ್ವಲ್ಪ ಕೊರೆದಿದ್ದಕ್ಕೇ ಹೋಯಿತು. ನಾಲ್ಕನೆಯದರಲ್ಲಿ ಕೊರೆದಷ್ಟೂ ಗುಳಿ ಕಾಣುತ್ತಲೇ ಇತ್ತು. ಆತ ಮಷೀನು ನಿಲ್ಲಿಸಿ ಬೆರಳಿನಿಂದ ಗೋಡೆ ತಟ್ಟಿ ನೋಡಿದ.

"ಭಾವು, ಲೈ ಪಾತಳ ಝಾಲಂಯ. ಗ್ವಾಡಿ ತೆಳ್ಳಗಾಗೇತಿ. ಇನ್ನ ಕೊರದ್ರ ನೀರಿನ ದಾರಿ ಕಾಣತೈತಿ. ಲೈನರ್ ಒತ್ತಲ್ಯಾ?"

"ಒತ್ತು," ಅಂದೆ.

ಲೈನರ್ ಅಂದರೆ ಸಿಲಿಂಡರಿನೊಳಗೆ ಬಿಗಿಯಾಗಿ ಕೂರುವ ಉಕ್ಕಿನ ಕೊಳವೆ. ಐಸ್ ಕ್ಯಾಂಡಿ ಅಂಗಡಿಯಿಂದ ಮಂಜುಗಡ್ಡೆ ತಂದು ಅದನ್ನು ಹೂತಿಟ್ಟೆವು, ಕುಗ್ಗಲಿ ಎಂದು. ಇತ್ತ ಬ್ಲಾಕನ್ನು ಕಾಯಿಸಿದೆವು, ಹಿಗ್ಗಲಿ ಎಂದು. ಆಮೇಲೆ ಪ್ರೆಸ್ಸಿಗೆ ಕೊಟ್ಟು ಒತ್ತಲು ಶುರುಮಾಡಿದರೆ ನಡುವೆಯೇ ಸಿಕ್ಕಿಕೊಂಡಿತು. ಒತ್ತಿದರೂ ಕಷ್ಟ, ಎಳೆದರೂ ಕಷ್ಟ. ಎಳೆಯೋಣ ಅಂತ ಆತ ಅಂದ. ಎಳೆಯುವಾಗ ಕಿರ್ರೆಂದು ಬಂದ ಸದ್ದಿಗೆ ಬ್ಲಾಕ್ ಹೋಯಿತೆಂದೇ ಅಂದುಕೊಂಡೆ. ಹೊರಬಂದ ಲೈನರಿನ ಮೈಯನ್ನು ಲೇಥಿನಲ್ಲಿ ಕೂದಲೆಳೆಯಷ್ಟು ಸವರಿ, ಮತ್ತೆ ಮಂಜು, ಮತ್ತೆ ಬೆಂಕಿ, ಮತ್ತೆ ಪ್ರೆಸ್. ಈ ಸಲ ತಕರಾರಿಲ್ಲದೆ ಇಳಿದು ತಳಕ್ಕೆ ಕೂತಿತು. ಒಡೆದಿದೆಯೋ ಇಲ್ಲವೋ ಹೊರಗಿನಿಂದ ತಿಳಿಯುವಂತಿರಲಿಲ್ಲ. ಚಿಕ್ಕೋಡಿಗೆ ತಂದು ಅದೇ ತೊಟ್ಟಿಯಲ್ಲಿ ಮುಳುಗಿಸಿದೆ. ನೀರು ಅಲುಗಾಡುವುದು ನಿಂತ ಮೇಲೂ ಬಹಳ ಹೊತ್ತು ಬಗ್ಗಿ ನೋಡಿದೆ. ಗುಳ್ಳೆ ಇಲ್ಲ. ನನ್ನ ಮುಖ ಮಾತ್ರ ಕಾಣುತ್ತಿತ್ತು, ಅದೂ ಬಹಳ ಸುಸ್ತಾಗಿತ್ತು.

ಮುಂದಿನದು ಬೇಸರದ ಕೆಲಸ. ಹೊಸ ಪಿಸ್ಟನ್, ರಿಂಗು, ಬೇರಿಂಗು. ಆ ಕಾಲದ ವಾಲ್ವ್ ಸೀಟುಗಳು ಸೀಸ ಬೆರೆಸಿದ ಪೆಟ್ರೋಲಿಗೆ ಮಾಡಿದಂಥವು, ಈಗಿನ ಪೆಟ್ರೋಲಿಗೆ ಬೇಗ ಸವೆಯುತ್ತವೆಂದು ಗಟ್ಟಿ ಸೀಟು ಹಾಕಿಸಿದೆ. ಎಂಜಿನ್ ಎಷ್ಟು ಕಾದಿದೆ ಎಂದು ತೋರಿಸುವ ಸಣ್ಣ ಮೀಟರೊಂದನ್ನು ಡ್ಯಾಶ್‌ಬೋರ್ಡಿನ ಕೆಳಗೆ ಕೂರಿಸಿದೆ. ಎಲ್ಲ ಕಟ್ಟಿ ಮೊದಲ ಸಲ ಚಾಲೂ ಮಾಡಿದರೆ ಆಯಿಲ್ಲಿನ ಒತ್ತಡದ ಮುಳ್ಳು ಏಳಲೇ ಇಲ್ಲ. ತಕ್ಷಣ ಬಂದ್ ಮಾಡಿ, ಮತ್ತೆ ಕೆಳಗೆ ಮಲಗಿ, ತಳದ ಆಯಿಲ್ ತಟ್ಟೆ ಬಿಚ್ಚಿದೆ. ಪಂಪಿನ ಜೋಡಣೆಯಲ್ಲಿ ಗಾಳಿ ಎಳೆಯುತ್ತಿತ್ತು. ಎದೆಯ ಮೇಲೆಲ್ಲ ಆಯಿಲ್ ಸುರಿಸಿಕೊಂಡು ಅಲ್ಲೇ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದೆ. ಅಂಗಳದಲ್ಲಿ ಕೂತ ಡೀಸೆಲ್ ಎಂಜಿನ್ ನನ್ನನ್ನು ನೋಡಿ ನಗುತ್ತಿದೆ ಅನ್ನಿಸಿತು. ಅದನ್ನು ವಾಪಸು ಒಯ್ಯಲು ಬಂದ ಕೊಗನೊಳ್ಳಿಯವನು ಬಾಯಿಗೆ ಬಂದಷ್ಟು ಬೈದು ಹೋದ. ಬೈಸಿಕೊಂಡೆ.

ಎರಡನೆಯ ಸಲ ಮುಳ್ಳು ಎದ್ದಿತು. ಆ ಎಂಜಿನ್ನಿನ ಸದ್ದು ಮೆತ್ತಗೆ, ಹೊಲಿಗೆ ಯಂತ್ರದ ಹಾಗೆ. ನನಗೆ ಖುಷಿಯಾಯಿತು ಅನ್ನುವುದಕ್ಕಿಂತ ಮಲಗಬೇಕೆನ್ನಿಸಿತು.

ಅಕ್ಕ ತಮ್ಮ ಇಬ್ಬರೂ ಕಾರು ಒಯ್ಯಲು ಬಂದ ದಿನ ನಾನು ಹೇಳಲೇಬೇಕಾದ ಮಾತು ಬಾಕಿ ಇತ್ತು. ಹೇಳದಿದ್ದರೆ ಮುಂದಿನ ಅಮಾವಾಸ್ಯೆಯಿಂದ ಮತ್ತೆ ಅದೇ ಶುರುವಾಗುತ್ತಿತ್ತು. ಮೀಟರ್ ತೋರಿಸಿ ಸುತ್ತಿ ಬಳಸಿ ಹೇಳಿದೆ. "ಅಣ್ಣಾರ, ಇನ್ನ ಮ್ಯಾಲೆ ಎರಡ ನಿಮಿಷ ಚಾಲೂ ಮಾಡಿ ಬಂದ್ ಮಾಡಬ್ಯಾಡ್ರಿ. ಚಾಲೂ ಮಾಡಿದ್ರ ಈ ಮುಳ್ಳು ನಡುವ ಬರೂ ತನಕಾ ಓಡಸಬೇಕು. ಅಂಕಲಿಯಿಂದ ಇಲ್ಲಿ ತನಕಾ ಬಂದ್ರ ಬರೋಬ್ಬರಿ. ಇಲ್ಲಾಂದ್ರ ಒಳಗ ನೀರ ನಿಂದ್ರತೈತಿ, ತುಕ್ಕ ಹಿಡಿತೈತಿ."

ಅಣ್ಣಾರು ಮೀಟರನ್ನೇ ನೋಡುತ್ತಿದ್ದರು. ಸುತ್ತಿ ಬಳಸಿದ್ದರಿಂದ ಏನೂ ಉಪಯೋಗವಾಗಲಿಲ್ಲ.

"ಅಂದ್ರ ಮಿಸ್ತ್ರಿ," ಅಂದರು, "ಇದನ್ನ ನಾನೇ ಕೆಡಸಿದ್ನೇನ್ರಿ? ಅಮಾಸಿಗೊಮ್ಮಿ, ಅಮಾಸಿಗೊಮ್ಮಿ?"

ನಾನು ಕೈಯಲ್ಲಿದ್ದ ಅರಿವೆಯಿಂದ ಒರೆಸಿದ್ದನ್ನೇ ಒರೆಸಿದೆ.

ಉತ್ತರ ಕೊಟ್ಟವರು ಅಕ್ಕೋರು. "ನೀ ಚಾಲೂ ಇಟ್ಟಿದ್ದಿ," ಅಂದರು. "ಓಡಸೂದು ನನ್ನ ಪಾಳಿ ಇತ್ತು. ನಾ ಬರ್ಲಿಲ್ಲ. ಅಥಣಿ ಏನ ದಿಲ್ಲಿನೋ? ಬಾ, ಕುಂದ್ರ."

ಅಣ್ಣಾರು ಧೋತರದ ತುದಿಯಿಂದ ಕಣ್ಣೊರೆಸಿಕೊಂಡು ಪಕ್ಕದ ಸೀಟಿಗೆ ಹೋದರು. ಅಕ್ಕೋರು ಎಡಗಾಲಿಟ್ಟು ಕ್ಲಚ್ ಒತ್ತಿದರು. ಪೆಡಲ್ ತಳದ ತನಕ ಹೋಯಿತು. ಮೊದಲ ಸಲ ಕಾರು ಜಗ್ಗಿ ನಿಂತಿತು. ಎರಡನೆಯ ಸಲ ಮೆಲ್ಲಗೆ ರಸ್ತೆಗೆ ಇಳಿಯಿತು. ಕಬ್ಬಿನ ಟ್ರೇಲರಿನವನೊಬ್ಬ ಬ್ರೇಕ್ ಹಾಕಿ, ಬಾಯಿ ತೆರೆದು ನೋಡಿದ.

ಮುಂದಿನ ಅಮಾವಾಸ್ಯೆಯ ಮುಂಜಾನೆ ಹೊಲಿಗೆ ಯಂತ್ರದ ಸದ್ದು ನನ್ನ ಬಾಗಿಲಿಗೆ ಬಂದು ನಿಂತಿತು. ಅಂಕಲಿಯಿಂದ ಅಕ್ಕೋರೇ ಓಡಿಸಿಕೊಂಡು ಬಂದಿದ್ದರು. ಮೀಟರಿನ ಮುಳ್ಳು ನಡುವೆ ಇತ್ತು. ಅಣ್ಣಾರು ತೊಡೆಯ ಮೇಲಿದ್ದ ಚೀಲ ತೆಗೆದುಕೊಂಡು ಇಳಿದು, ನನ್ನ ಅಂಗಳದಲ್ಲೇ ಕಾಯಿ ಒಡೆದು, ನಿಂಬೆಹಣ್ಣು ಇಟ್ಟು ಪೂಜೆ ಮಾಡಿದರು. ಚಹಾ ಕುಡಿದು ಇಬ್ಬರೂ ಹತ್ತಿ ಕೂತರು. ಅಕ್ಕೋರು ಚಾಲೂ ಮಾಡಿದರು. ಸೆರಗು ಸರಿಮಾಡಿಕೊಂಡರು, ಕನ್ನಡಕ ಒರೆಸಿಕೊಂಡರು, ನನಗೆ ಸೊಂಟಕ್ಕೆ ಯಾವುದೋ ಎಣ್ಣೆಯ ಹೆಸರು ಹೇಳಿದರು. ಅಣ್ಣಾರು ಕೈ ಮುಗಿದುಕೊಂಡೇ ಕೂತಿದ್ದರು. ಎರಡು ನಿಮಿಷ ಆಗಿರಬೇಕು, ಅವರ ಕೈ ತಾನಾಗಿ ಬಿಡಿಸಿಕೊಂಡು ಕೀಲಿಯ ಕಡೆ ಹೋಯಿತು. ಅಕ್ಕೋರು ಆ ಕೈಯನ್ನು ಹಿಡಿದು ಅವರ ತೊಡೆಯ ಮೇಲೆ ಇಟ್ಟು, ಗೇರು ಹಾಕಿದರು.